ಡುಮ್ಮಿ ಸತ್ತ ದಿನ

ಇಸ್ತ್ರಿ ಅಣ್ಣನಿಗೆ ಸುಳ್ಳು ಹೇಳೋಕೆ ಬರಲ್ಲ ಅಂತ ಇಡೀ ಬೀದಿ ಆಣೆ ಮಾಡಿ ಹೇಳುತ್ತಿತ್ತು. ಅಂಗಿ ಸುಟ್ಟರೆ ಅದನ್ನೇ ಹಿಡಿದುಕೊಂಡು ಬಾಗಿಲಿಗೆ ಬಂದು, "ಸುಟ್ಟುಬಿಟ್ಟೆ, ಬಯ್ಯಿರಿ" ಎಂದು ನಿಲ್ಲುತ್ತಿದ್ದ ಆಸಾಮಿ. ಅಂಥವನು ಕಟ್ಟಿಕೊಂಡ ಹೆಂಡತಿಗೆ ವರ್ಷಗಟ್ಟಲೆ ಒಂದೇ ಸುಳ್ಳು ಹೇಳಿದ ಅಂದರೆ ನಂಬುತ್ತೀರಾ?

ಮಗಳು ಮೊದಲ ಸಂಬಳದಲ್ಲಿ ಒಂದು ಜೋಡಿ ಮೀನು ತಂದಿದ್ದಳು. ಬೆರಳುದ್ದವೂ ಇಲ್ಲ, ನೀಲಿ ದೀಪ ಹಾಕಿದರೆ ಮೈಯೆಲ್ಲ ಹಸಿರಾಗಿ ಹೊಳೆಯುತ್ತಿದ್ದವು. ಸಮುದ್ರದ ಯಾವುದೋ ಜೀವಿಯ ಗುಣವನ್ನು ಮೊಟ್ಟೆಯಲ್ಲೇ ಸೇರಿಸಿ ಕಂಪನಿಯೊಂದು ಹುಟ್ಟಿಸಿದ ತಳಿಯಂತೆ. ಹೊಟ್ಟೆ ಉಬ್ಬಿದ ಹೆಣ್ಣಿಗೆ ಮಗಳು ಡುಮ್ಮಿ ಅಂತ ಹೆಸರಿಟ್ಟಳು. ಗಂಡಿಗೆ ಹೆಸರಿಡುವಷ್ಟರಲ್ಲಿ ಜ್ವರ ಬಂತು. ಆಸ್ಪತ್ರೆಗೆ ಹೋದ ಹುಡುಗಿ ತಿರುಗಿ ಬರಲಿಲ್ಲ.

ತಾಯಿ ಅನ್ನ ನೀರು ಬಿಟ್ಟಳು. ಅಳಲೂ ಇಲ್ಲ, ಕಲ್ಲಾಗಿ ಕೂತುಬಿಟ್ಟಳು. ಒಂದು ದಿನ ಎದ್ದು ಗಾಜಿನ ತೊಟ್ಟಿಯ ಹತ್ತಿರ ಹೋಗಿ, "ಡುಮ್ಮಿ, ಹಸಿವಾಯ್ತೇನೇ?" ಅಂದಳು. ಮೀನಿಗೆ ತಿಂಡಿ ಉದುರಿಸಿ ತಾನೂ ಎರಡು ತುತ್ತು ತಿಂದಳು. ಇಸ್ತ್ರಿ ಅಣ್ಣನಿಗೆ ಹೋದ ಜೀವ ಬಂದಂತಾಯಿತು.

ಆದರೆ ಈ ಮೀನಿನ ಆಯುಷ್ಯ ಎಷ್ಟು? "ಮೂರು ವರ್ಷ ದಾಟಿದ್ರೆ ಪುಣ್ಯ" ಅಂದ ಅಂಗಡಿಯವನು. ಇಸ್ತ್ರಿ ಅಣ್ಣ ಅವತ್ತೇ ಮಾಳಿಗೆಯ ಕೋಣೆಯಲ್ಲಿ ಮರಿ ಮಾಡಿಸಲು ಹೊರಟ. ಅದೇನು ಸುಲಭದ ಕೆಲಸವೇ! ಈ ಜಾತಿ ಬೆಳಕು ಹರಿಯುವಾಗ ಮೊಟ್ಟೆ ಇಡುತ್ತದೆ, ಇಟ್ಟ ಮರುಗಳಿಗೆ ತಾನೇ ತಿಂದು ತೇಗುತ್ತದೆ. ಕೆಳಗಿನ ತೊಟ್ಟಿಯ ತಳದಲ್ಲಿ ಗೋಲಿ ಹರಡಿದರೆ ಮೊಟ್ಟೆ ಸಂದಿಗಿಳಿದು ಉಳಿಯುತ್ತದೆ, ಅದನ್ನು ಮೇಲಕ್ಕೊಯ್ಯಬೇಕು. ಅದನ್ನೆಲ್ಲ ಅವನು ಬಿದ್ದು ಎದ್ದು ಕಲಿತ. ಮಂಡಿ ನೋವಿನ ಹೆಂಡತಿ ಮೆಟ್ಟಿಲು ಹತ್ತುವವಳಲ್ಲ. "ನಿಮ್ಮಪ್ಪನಿಗೆ ಮರಿಗಳ ಹುಚ್ಚು ಕಣೇ" ಎಂದು ಡುಮ್ಮಿಗೆ ಹೇಳಿ ನಗುತ್ತಿದ್ದಳು.

ಒಂದು ಬೆಳಿಗ್ಗೆ ಡುಮ್ಮಿ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಎದ್ದೆನೋ ಬಿದ್ದೆನೋ ಅಂತ ಮೇಲಕ್ಕೆ ಓಡಿ, ಅಷ್ಟೇ ಗಾತ್ರದ ಇನ್ನೊಂದನ್ನು ತಂದು ಬಿಟ್ಟ. ಅವಳು ತಲೆ ಒರೆಸಿಕೊಳ್ಳುತ್ತಾ ಬಂದು ಅದನ್ನೇ ಮಾತಾಡಿಸಿದಳು. ಆಮೇಲೆ ಗಂಡು ಮೀನಿನದೂ ಅದೇ ಕತೆ. ಕೆಳಗಿನದು ಸತ್ತಾಗಲೆಲ್ಲ ಮೇಲಿನದು ಇಳಿದು ಬರುತ್ತಿತ್ತು. "ನನ್ನ ಮಗಳ ಕೈಗುಣ ನೋಡಿ, ಇವಕ್ಕೆ ಸಾವೇ ಇಲ್ಲ" ಎಂದು ಅವಳು ಬಂದವರಿಗೆಲ್ಲ ತೋರಿಸುತ್ತಿದ್ದಳು. ಅವನು ತಲೆ ತಗ್ಗಿಸಿ ಬಟ್ಟೆಗೆ ನೀರು ಚಿಮುಕಿಸುತ್ತಿದ್ದ.

ಅವನನ್ನು ಕೆಡಿಸಿದ್ದು ಮೀನು ಸಾಕುವವರ ಪ್ರದರ್ಶನ. ಅಲ್ಲಿ ಕೊಂಡು ತಂದ ಮೀನಿಗೆ ಮೂರು ಕಾಸಿನ ಬೆಲೆಯಿಲ್ಲ, ಮನೆಯಲ್ಲಿ ಹುಟ್ಟಿಸಿದ್ದಕ್ಕೇ ಮರ್ಯಾದೆ. ಮಾಳಿಗೆಯ ನಾಲ್ಕು ಮೀನು ಒಯ್ದಿದ್ದ. ಒಬ್ಬಳು ಹುಡುಗಿ ಬಂದು, "ಎಲ್ಲಿ ತಗೊಂಡ್ರಿ ಸರ್?" ಅಂದಳು.

"ತಗೊಳ್ಳೋದೇನಮ್ಮ! ನಮ್ಮನೇಲೇ ಹುಟ್ಟಿದ್ದು. ಐದನೇ ತಲೆಮಾರು!"

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅವಳು ಆ ತಳಿಯ ಪೇಟೆಂಟ್ ಇರುವ ಕಂಪನಿಯವಳು.

ಮರುವಾರ ಮನೆಗೇ ಬಂದಳು. ಪಾಪ, ಒರಟು ಹುಡುಗಿಯಲ್ಲ. "ಕೊಂಡ ಮೀನು ನಿಮ್ದು ಸರ್. ಮರಿ ಮಾಡಿಸೋ ಹಕ್ಕು ಮಾತ್ರ ಕಂಪನೀದು. ಇಲ್ಲಿ ಹುಟ್ಟಿದ್ದನ್ನೆಲ್ಲ ಒಪ್ಪಿಸ್ಬೇಕು."

"ಮೇಲಿರೋದನ್ನೆಲ್ಲ ತಗೊಂಡು ಹೋಗಮ್ಮ," ಎಂದು ಹೆಂಡತಿಯೇ ಅಂದಳು. "ಈ ಎರಡನ್ನ ಮಾತ್ರ ಮುಟ್ಬೇಡ. ಇವು ನನ್ನ ಮಗಳು ದುಡ್ಡು ಕೊಟ್ಟು ತಂದಿದ್ದು. ಎಂಟು ವರ್ಷ ಆಯ್ತು."

ಹುಡುಗಿ ಬಗ್ಗಿ ನೋಡಿದಳು. "ಇವು ಅಷ್ಟು ವರ್ಷ ಬದುಕಲ್ಲಮ್ಮ. ಇದಕ್ಕಿನ್ನೂ ವರ್ಷ ತುಂಬಿದ ಹಾಗಿಲ್ಲ."

"ರೀ, ಹೇಳ್ರೀ ಇವಳಿಗೆ!"

ಇನ್ನೊಂದೇ ಒಂದು ಸುಳ್ಳು ಸಾಕಿತ್ತು. ಹಾಳಾದ ಬಾಯಿ, ಬೇಡದ ಕಡೆ ಬಡಬಡಿಸಿದ್ದು, ಈಗ ತೆರೆಯಲೇ ಇಲ್ಲ. ಅವನ ಮುಖ ನೋಡಿದ ಹುಡುಗಿಗೆ ಏನೋ ಅರ್ಥವಾಗಿ, "ಈ ಎರಡು ಇರಲಿ ಬಿಡಿ ಅಮ್ಮ" ಅಂದಳು.

"ಬೇಡ. ಇವನ್ನೂ ತಗೊಂಡು ಹೋಗು," ಅಂದಳು ಹೆಂಡತಿ, ಗಂಡನ ಮುಖವನ್ನೇ ನೋಡುತ್ತ.

ಹುಡುಗಿ ಎಲ್ಲವನ್ನೂ ನೀರಿನ ಚೀಲಗಳಲ್ಲಿ ತುಂಬಿಕೊಂಡು ಹೋದ ಮೇಲೆ ಹೆಂಡತಿ ಕೇಳಿದಳು: "ಡುಮ್ಮಿ ಸತ್ತಿದ್ದು ಯಾವತ್ತು?"

"ನೀನು ಸ್ನಾನಕ್ಕೆ ಹೋಗಿದ್ದೆ."

"ಎಲ್ಲಿ ಹಾಕಿದ್ರಿ?"

"ಗಾಬರೀಲಿ... ಇಸ್ತ್ರಿ ಬೂದಿ ಹಾಕೋ ಡಬ್ಬಕ್ಕೆ."

"ಅವತ್ತು ನಾನೇನು ಮಾಡ್ದೆ?"

"ಹೊಸದರ ಜೊತೆ ಮಾತಾಡ್ದೆ. ನಕ್ಕೆ."

ಅವಳು ಹಾಗೇ ನೆಲದ ಮೇಲೆ ಕುಸಿದು, ಬಾಯಿಗೆ ಸೆರಗು ಒತ್ತಿ ಅತ್ತಳು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಲ್ಲುವಷ್ಟು ಅತ್ತಳು. ಅವನು ಹೆಗಲ ಮೇಲೆ ಕೈಯಿಡಲು ಹೋದ.

"ಮುಟ್ಬೇಡಿ," ಅಂದಳು. "ನೀವು ಆಗಲೇ ಅತ್ತು ಮುಗಿಸಿದ್ರಿ. ನನಗೆ ನನ್ನ ಮಗಳು ಸತ್ತಿದ್ದು ಇವತ್ತು ಕಣ್ರೀ."