ಸಂಡೂರಿನ ಗುಡ್ಡ ಹತ್ತಿರ ಬಂದರೆ ಮಳೆ

ಕಂಪ್ಲಿಯಲ್ಲಿ ನಮ್ಮಪ್ಪನದು ರೈಸ್ ಮಿಲ್ಲು. ಕುದಿಸಿದ ಭತ್ತವನ್ನು ಅಂಗಳದಲ್ಲಿ ಹರವಿ ಒಣಗಿಸಬೇಕು. ಅದರ ಮೇಲೆ ಜೋರು ಮಳೆ ಬಿದ್ದರೆ ಅಕ್ಕಿ ನಾರುತ್ತದೆ, ಯಾರೂ ಕೊಳ್ಳುವುದಿಲ್ಲ. ಹಾಗಾಗಿ ಹರವುವ ಮೊದಲು ಅಪ್ಪ ಮಾಳಿಗೆ ಹತ್ತಿ ಸಂಡೂರಿನ ಗುಡ್ಡ ನೋಡುತ್ತಿದ್ದ. ಗುಡ್ಡ ಮಸುಕಾಗಿ ದೂರ ಕಂಡರೆ ಬಿಸಿಲು. ಕೈಗೆ ಸಿಗುವಷ್ಟು ಹತ್ತಿರ, ತೊಳೆದಂತೆ ಕಂಡರೆ ಮಳೆ. "ಗುಡ್ಡ ಹತ್ರ ಬಂದೈತಿ, ತಾಡಪತ್ರಿ ಹೊಚ್ರಲೇ!" ಎಂದು ಅವನು ಕೂಗಿದರೆ ಅಕ್ಕಪಕ್ಕದ ಮಿಲ್ಲಿನವರೂ ಭತ್ತ ಮುಚ್ಚುತ್ತಿದ್ದರು. ಆಗ ಅಪ್ಪನ ಜಂಬ ನೋಡಬೇಕಿತ್ತು.

ಬಂಗಾಳ ಕೊಲ್ಲಿಯ ಚಂಡಮಾರುತವೆಂದರೆ ಆಗ ನಮಗೆ ಜಿಟಿಜಿಟಿ ಮಳೆ ಅಷ್ಟೆ. ಆರ್ಭಟವೆಲ್ಲ ಆಂಧ್ರದಲ್ಲೇ ಮುಗಿದಿರುತ್ತಿತ್ತು. ಭತ್ತ ಕುದಿಸುವ ಒಲೆಯ ಪಕ್ಕ ಬೆಚ್ಚಗೆ ಕೂತು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದೆವು. ಆ ವಾಸನೆ ನೆನಪಾದರೆ ಈಗಲೂ ಹೊಸಪೇಟೆಯ ಗಂಡನ ಮನೆ ಬಿಟ್ಟು ಓಡಿಹೋಗೋಣ ಅನಿಸುತ್ತದೆ.

ಈಚೆಗೆ ಗುಡ್ಡ ಯಾವಾಗಲೂ ಮಸುಕು. ಗಣಿಯ ದೂಳು, ಲಾರಿಗಳ ಹೊಗೆ. ನಮ್ಮ ಮಿಲ್ಲಿನ ಹೊಟ್ಟಿನ ಹೊಗೆಯೂ ಇದೆ, ಸುಳ್ಳೇಕೆ ಹೇಳಲಿ. ಹೋದ ವರ್ಷ ಸುಗ್ಗಿಯಲ್ಲಿ ನಾನು ತವರಿಗೆ ಹೋಗಿದ್ದಾಗ ಟಿವಿಯಲ್ಲಿ ಚಂಡಮಾರುತದ ಸುದ್ದಿ ಬಂತು.

"ಅಪ್ಪಾ, ಇವತ್ತು ಹರವಬ್ಯಾಡ್ರಿ," ಅಂದೆ.

"ಗುಡ್ಡ ಭಾಳ ದೂರ ಐತವ್ವಾ. ಟಿವಿಯವ್ರು ನಮ್ಮ ಮಾಳಿಗಿ ಹತ್ತಿ ನೋಡ್ಯಾರೇನು?"

ಹರವಿದ. ಅವನನ್ನು ನೋಡಿ ಬೀದಿಯವರೆಲ್ಲ ಹರವಿದರು. ಮಧ್ಯಾಹ್ನ ಸುರಿದ ಮಳೆಗೆ ತಾಡಪತ್ರಿ ಬಿಚ್ಚಲೂ ಪುರುಸೊತ್ತು ಸಿಗಲಿಲ್ಲ. ಅಂಗಳದ ಭತ್ತ ಚರಂಡಿ ಪಾಲಾಯಿತು. ಪಕ್ಕದ ಮಿಲ್ಲಿನವರು ಬಂದು ಅಪ್ಪನ ಜೊತೆ ಚರಂಡಿಯ ಭತ್ತ ಬಾಚಿದರು. ಬೈದಿದ್ದರೇ ಚೆನ್ನಾಗಿತ್ತು.

ಕಡಲು ಕಾದಷ್ಟೂ ಚಂಡಮಾರುತಕ್ಕೆ ಬಲ ಬರುತ್ತದಂತೆ. ಹೊಗೆ, ದೂಳು ಹೆಚ್ಚಾದರೆ ಮೋಡದ ಹನಿಗಳು ಸಣ್ಣವಾಗಿ, ಮಳೆ ತಡೆದು ತಡೆದು ಒಮ್ಮೆಲೇ ಸುರಿಯುವುದೂ ಉಂಟಂತೆ. ಕಾಲೇಜಿಗೆ ಹೋಗುವ ನನ್ನ ಮಗಳು ಹೇಳಿದಳು. ಅಪ್ಪನ ಮುಂದೆ ಇದನ್ನೆಲ್ಲ ಹೇಳಲು ನನಗೆ ಬಾಯಿ ಬರಲಿಲ್ಲ.

ಈ ಸಲ ಸುಗ್ಗಿ ಶುರುವಾದ ದಿನ ಬೆಳಿಗ್ಗೆ ಅಪ್ಪನ ಫೋನ್ ಬಂತು.

"ಯವ್ವಾ, ನಿನ್ನ ಫೋನಿನ್ಯಾಗ ಮಳಿ ತೋರಸ್ತೈತೇನು, ನೋಡು. ಭತ್ತ ಹರವ್ಲೇನು?"

"ಮಳಿ ಇಲ್ಲಪ್ಪಾ, ಹರವ್ರಿ," ಅಂದೆ. ಫೋನಿಟ್ಟ ಮೇಲೆ ಅಳು ತಡೆಯಲಾಗಲಿಲ್ಲ. ನನ್ನಪ್ಪ ಯಾರನ್ನೂ ಕೇಳಿ ಭತ್ತ ಹರವಿದವನಲ್ಲ.