ಉಳಿದ ಒಂದು ಕಾಳು

ಕುಷ್ಟಗಿ ಕಡೆಯ ನಮ್ಮ ಊರಿನಲ್ಲಿ ಮಧ್ಯಾಹ್ನವಾದದ್ದು ತಿಳಿಯಲು ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಊರ ಹಿಂದಿನ ಕಲ್ಲು ಕ್ವಾರಿಯಿಂದ ಮೂರು ಗಿಡ್ಡ ಸೀಟಿ ಕೇಳಿಸಿದರೆ ಊಟದ ಹೊತ್ತಾಯಿತು ಎಂದು ಅರ್ಥ. ಕೂಲಿಯವರೆಲ್ಲ ಬುತ್ತಿ ಹಿಡಿದು ದೂರದ ಬೇವಿನ ಮರದ ಕೆಳಗೆ ಹೋದ ಮೇಲೆ ಬಂಡೆಗೆ ಮದ್ದು ಸಿಡಿಸುತ್ತಿದ್ದರು. ಆ ಸೀಟಿ ಊದುತ್ತಿದ್ದವನು ನನ್ನ ಅಪ್ಪ. ಬಂಡೆಗೆ ತೂತು ಹಾಕಿಸುವುದು, ಮದ್ದು ತುಂಬುವುದು, ಬತ್ತಿಗೆ ಬೆಂಕಿ ಕೊಟ್ಟು ಓಡಿ ಬರುವುದು ಅವನ ಕೆಲಸ.

ಸೀಟಿ ಕೇಳಿದ ಕೂಡಲೇ ಸಾಲೆಯಲ್ಲಿ ಮಾಸ್ತರರು ಅರ್ಧ ಬರೆದ ಲೆಕ್ಕ ಬಿಟ್ಟು ಸುಣ್ಣದ ಕಡ್ಡಿ ಕೆಳಗಿಡುತ್ತಿದ್ದರು. ನಾವು ಎರಡೂ ಕಿವಿ ಮುಚ್ಚಿ, ಬಾಯಿ ತೆರೆದು ಕೂರುತ್ತಿದ್ದೆವು. ಬಾಯಿ ತೆರೆದರೆ ಕಿವಿಗೆ ಪೆಟ್ಟು ಕಡಿಮೆ ಎಂದು ಅಪ್ಪ ನನಗೆ ಹೇಳಿಕೊಟ್ಟದ್ದು ಇಡೀ ಸಾಲೆಗೆ ಹಬ್ಬಿತ್ತು. ಮನೆಯಲ್ಲಿ ನಾಯಿ ಹೊರಸಿನ ಕೆಳಗೆ ಸೇರುತ್ತಿತ್ತು. ಅವ್ವ ಧೂಳು ಬೀಳಬಾರದೆಂದು ರೊಟ್ಟಿ ಬುಟ್ಟಿಗೆ ಇನ್ನೊಂದು ಅರಿವೆ ಮುಚ್ಚುತ್ತಿದ್ದಳು. ಆ ಹೊತ್ತಿನ ಮೌನ ನನಗೆ ಈಗಲೂ ನೆನಪಿದೆ. ಅದರಲ್ಲಿ ಹೆದರಿಕೆ ಇರಲಿಲ್ಲ. ಪುಂಡಿಪಲ್ಯದ ಹುಳಿ ವಾಸನೆ ಇತ್ತು, ಹಸಿವು ಇತ್ತು.

ಅಪ್ಪನದು ಒಂದು ಪದ್ಧತಿ. ಎಷ್ಟು ತೂತಿಗೆ ಮದ್ದು ತುಂಬಿದ್ದಾನೋ ಅಷ್ಟು ಸಣ್ಣ ಹರಳುಕಲ್ಲು ಆಯ್ದು ಬಲಗಡೆಯ ಕಿಸೆಗೆ ಹಾಕಿಕೊಳ್ಳುತ್ತಿದ್ದ. ಒಂದೊಂದು ಸದ್ದಿಗೂ ಒಂದೊಂದು ಹರಳು ಎಡಗಡೆಯ ಕಿಸೆಗೆ ಹೋಗುತ್ತಿತ್ತು. ಬಲಗಿಸೆ ಖಾಲಿಯಾದರೆ ಉದ್ದನೆಯ ಒಂದು ಸೀಟಿ. ಅದು ಕೇಳಿದ ಮೇಲೆಯೇ ಜನ ಬಂಡೆಯ ಹತ್ತಿರ ಹೋಗಬೇಕು. ಒಂದೇ ಒಂದು ಹರಳು ಉಳಿದರೂ ಸೀಟಿ ಇಲ್ಲ. ಅಂದರೆ ಎಲ್ಲೋ ಒಂದು ತೂತಿನಲ್ಲಿ ಸಿಡಿಯದ ಮದ್ದು ಕುಳಿತಿದೆ.

ನಾನು ಆರನೆಯ ತರಗತಿಯಲ್ಲಿದ್ದಾಗ ಒಂದು ರಜೆಯ ದಿನ ಬುತ್ತಿ ಕೊಡಲು ಹೋಗಿದ್ದೆ. ಅಂದು ಒಂದು ಹರಳು ಉಳಿಯಿತು. ಬಿಸಿಲಿಗೆ ಕೂಲಿಯವರು ಬೇಸತ್ತಿದ್ದರು. ಗುತ್ತಿಗೆದಾರ ಬಂದು ಕೂಗಾಡಿದ.

"ಎರಡು ಕೂಡಿ ಒಂದ ಸದ್ದಾಗಿರ್ತೈತಿ ಬಿಡೋ ಮಾರಾಯಾ! ನೀ ಹರಳ ಎಣಸ್ಕೋತ ಕುಂತ್ರ ನನ್ನ ಲಾರಿ ಯಾವಾಗ ತುಂಬಬೇಕು?"

"ಕೂಡಿ ಆಗಿದ್ರ ನಾಳೆ ಗೊತ್ತಾಕ್ಕೈತ್ರಿ," ಎಂದ ಅಪ್ಪ. "ಇವತ್ತ ಮಾತ್ರ ಯಾರೂ ಹೋಗೂದಿಲ್ರಿ. ಹೋಗೂದಿದ್ರ ಮೊದ್ಲ ನೀವ ಹೋಗ್ರಿ."

ಗುತ್ತಿಗೆದಾರ ಹೋಗಲಿಲ್ಲ. ಅಪ್ಪ ಅವ್ವನ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿ ನನಗೆ ಕೊಟ್ಟ. ಆ ಒಂದು ಹರಳನ್ನು ರಾತ್ರಿ ಮಲಗುವಾಗಲೂ ಅಂಗಿಯ ಕಿಸೆಯಲ್ಲೇ ಬಿಟ್ಟಿದ್ದ.

ಪಿಯುಸಿ ಮುಗಿದ ಮೇಲೆ ವೈದ್ಯಕೀಯವನ್ನೇ ಓದುತ್ತೇನೆಂದು ಹಟ ಹಿಡಿದೆ. ಇಲ್ಲಿ ಸೀಟು ಸಿಗದೆ ಉಕ್ರೇನಿಗೆ ಹೋದೆ. ಹಾಸ್ಟೆಲ್ಲಿನ ಕೋಣೆಯಲ್ಲಿ ನನ್ನ ಜೊತೆಗಾತಿಯಾಗಿ ಸಿಕ್ಕವಳು ಗಂಗಾವತಿಯ ಅಕ್ಕಿ ಗಿರಣಿಯವರ ಮಗಳು. ಅಷ್ಟು ದೂರ ಹೋಗಿ ನಮ್ಮ ಜಿಲ್ಲೆಯವಳೇ ಸಿಕ್ಕಳಲ್ಲ ಎಂದು ಮೊದಲ ದಿನ ಇಬ್ಬರೂ ಕುಣಿದಾಡಿದೆವು. ಎರಡನೆಯ ದಿನದಿಂದ ಜಗಳ ಶುರು. ಅವಳಿಗೆ ಮೂರು ಹೊತ್ತೂ ಅನ್ನ ಬೇಕು. ನನಗೆ ಅವ್ವ ಕಟ್ಟಿ ಕಳಿಸಿದ ಖಟಕ್ ರೊಟ್ಟಿ ಬೇಕು.

"ಕಲ್ಲಿನ ಮಂದಿ ಲೇ ನೀವು," ಎನ್ನುತ್ತಿದ್ದಳು. "ಕಲ್ಲ ಒಡಿತೀರಿ, ಕಲ್ಲಿನಂಥಾ ರೊಟ್ಟಿ ತಿಂತೀರಿ."

"ನೀವು ಕೆಸರಿನ ಮಂದಿ. ಒಂದ್ ತಾಸಿಗೆ ಹಸಿವಿ, ಒಂದ್ ತಾಸಿಗೆ ನಿದ್ದಿ."

ಎರಡನೆಯ ವರ್ಷದಲ್ಲಿ ಯುದ್ಧ ಬಂತು. ನಾವು ಇಪ್ಪತ್ತು ಜನ ಹಾಸ್ಟೆಲ್ಲಿನ ನೆಲಮಾಳಿಗೆಗೆ ಇಳಿದೆವು. ಬೇರೆ ಬೇರೆ ರಾಜ್ಯದ ಹುಡುಗ ಹುಡುಗಿಯರು, ಜೊತೆಗೆ ಬಾಗಿಲು ಕಾಯುವ ಒಬ್ಬ ಮುದುಕಿ. ಆಕೆ ಊರು ಬಿಟ್ಟು ಹೋಗಲು ಒಪ್ಪಿರಲಿಲ್ಲ. ಅವಳ ಭಾಷೆ ನಮಗೆ ಅರೆಬರೆ ಬರುತ್ತಿತ್ತು. ನಮ್ಮ ಕಡೆ ಅಜ್ಜಿಗೆ ಅನ್ನುವಂತೆ ನಾವಿಬ್ಬರೂ ಅವಳನ್ನು 'ಆಯಿ' ಎಂದು ಕರೆಯುತ್ತಿದ್ದೆವು, ಅವಳು ಓಗೊಡುತ್ತಿದ್ದಳು. ಸಣ್ಣ ಒಲೆಯ ಮೇಲೆ ಎಲ್ಲರಿಗೂ ಚಹಾ ಕಾಸುತ್ತಿದ್ದವಳು ಅವಳೇ.

ಮೊದಲ ಬಾಂಬಿನ ಸದ್ದು ಕೇಳಿದಾಗ ಎಲ್ಲರೂ ಚೀರಿದರು. ನನ್ನ ಬಲಗೈ ಮಾತ್ರ ತಾನಾಗಿಯೇ ಕೋಟಿನ ಕಿಸೆಗೆ ಹೋಯಿತು. ಅಲ್ಲಿ ಅವ್ವ ಕಳಿಸಿದ ಪುಟಾಣಿ ಇದ್ದವು, ಹುರಿದ ಕಡಲೆ. ಒಂದೊಂದು ಸದ್ದಿಗೂ ಒಂದೊಂದು ಕಾಳು ಅಂಗೈಗೆ ತೆಗೆದುಕೊಂಡೆ. ಆರು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಸಂಜೆ ಮತ್ತೆ ಆರು. ಮರುದಿನವೂ ಹಾಗೆಯೇ. ನಾಲ್ಕು ದಿನ ಎಣಿಸಿದೆ. ಆರು ಬೀಳುತ್ತಿದ್ದವು, ಆಮೇಲೆ ಒಂದೆರಡು ತಾಸು ಬಿಡುವು ಸಿಗುತ್ತಿತ್ತು.

ಇದನ್ನು ಗೆಳತಿಗೆ ಹೇಳಿದೆ. ಅವಳು ಎಲ್ಲರಿಗೂ ಹೇಳಿದಳು. "ಇವರಪ್ಪ ಕ್ವಾರಿಯೊಳಗ ಮದ್ದ ಹಾರಸ್ತಾನ. ಇಕಿಗೆ ಸದ್ದಿನ ಲೆಕ್ಕ ಗೊತ್ತೈತಿ" ಎಂದು ತನ್ನ ಹರಕು ಹಿಂದಿಯಲ್ಲಿ ವಿವರಿಸಿದಳು. ಅಂದಿನಿಂದ ನೆಲಮಾಳಿಗೆಯಲ್ಲಿ ನನ್ನ ಮಾತೇ ಸೀಟಿ. ನಳ ಬಂದ್ ಆಗಿತ್ತು. ನೀರು ಬೇಕೆಂದರೆ ರಸ್ತೆ ದಾಟಿ ಎದುರಿನ ಸಾಲೆಯ ಅಂಗಳದ ಕೈಪಂಪಿಗೆ ಹೋಗಬೇಕು. ನಾನು "ಆರಾದವು" ಎಂದರೆ ಯಾರಾದರೂ ಕ್ಯಾನು ಹಿಡಿದು ಓಡುತ್ತಿದ್ದರು. ನಾನು ಸುಮ್ಮನಿದ್ದರೆ ಯಾರೂ ಕದಲುತ್ತಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ನನಗೆ ಅದು ಸೇರುತ್ತಿತ್ತು.

ಗೆಳತಿ ಮಾತ್ರ ಚೇಷ್ಟೆ ಬಿಡಲಿಲ್ಲ. "ನಿಮ್ಮಪ್ಪ ಹರಳ ಇಟ್ಕೊಂಡಾನ, ಬರೋಬರಿ ಮಾಡ್ಯಾನ. ನೀ ಕಾಳ ಇಟ್ಕೊಂಡಿ. ಹಸಿವಿ ಆದ ದಿನ ಲೆಕ್ಕಾನ ತಿಂದ ಬಿಟ್ಟಿ, ಜ್ವಾಕಿ."

ಐದನೆಯ ದಿನ ಮಧ್ಯಾಹ್ನ. ಹಿಂದಿನ ಸಂಜೆಯಿಂದ ಯಾರೂ ನೀರಿಗೆ ಹೋಗಿರಲಿಲ್ಲ. ಆಯಿಯ ಕೆಟಲಿಯಲ್ಲಿ ತಳದ ನೀರೂ ಮುಗಿದಿತ್ತು. ಸದ್ದು ಶುರುವಾದವು. ಆರು ಕಾಳು ತೊಡೆಯ ಮೇಲಿಟ್ಟುಕೊಂಡು ಒಂದೊಂದನ್ನೇ ಎಡಗಿಸೆಗೆ ಹಾಕುತ್ತಿದ್ದೆ. ನಡುವೆ ಅವ್ವನ ಫೋನು ಬಂತು. ಎಷ್ಟೋ ಹೊತ್ತಿಗೆ ಒಮ್ಮೆ ಹತ್ತುವ ಫೋನು. "ಉಂಡೇನ ಯವ್ವಾ?" ಎಂದಳು. "ಉಂಡೀನಿ" ಎಂದೆ. ಫೋನು ಕಡಿಯಿತು. ಸದ್ದೂ ನಿಂತಿತ್ತು. ಕೆಳಗೆ ನೋಡಿದರೆ ತೊಡೆಯ ಮೇಲೆ ಒಂದು ಕಾಳು ಉಳಿದಿತ್ತು.

ಐದೇ ಆದವೋ, ಫೋನಿನಲ್ಲಿದ್ದಾಗ ಒಂದನ್ನು ಎತ್ತಿ ಹಾಕಲು ಮರೆತೆನೋ ನನಗೆ ತಿಳಿಯಲಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಗೆಳತಿ ಆಗಲೇ ಎರಡು ಕ್ಯಾನು ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದಳು.

"ಏನಲೇ, ಆದವೋ ಇಲ್ಲೋ?"

ಎರಡು ಕೂಡಿ ಒಂದೇ ಸದ್ದಾಗಿರಬೇಕು ಎಂದುಕೊಂಡೆ. ಗುತ್ತಿಗೆದಾರನ ಮಾತು. ಗೊತ್ತಿಲ್ಲ ಎನ್ನಬಹುದಿತ್ತು. ಉಳಿದ ಕಾಳನ್ನು ಬಾಯಿಗೆ ಹಾಕಿಕೊಂಡು ಅಗಿದೆ. "ಆರಾದವು" ಎಂದೆ.

ಅವಳು ಮೆಟ್ಟಿಲು ಹತ್ತಿ ಹೋದಳು. ಪಂಪಿನ ಕಿರ್ರೆನ್ನುವ ಸದ್ದು ಕೆಳಗೆ ನಮಗೂ ಕೇಳುತ್ತಿತ್ತು. ಒಂದು ಕ್ಯಾನು ತುಂಬುವಷ್ಟು ಹೊತ್ತು, ಇನ್ನೊಂದು ಅರ್ಧವಾಗುವಷ್ಟು ಹೊತ್ತು. ಆಗ ಬಿತ್ತು. ನೆಲಮಾಳಿಗೆಯ ಮೇಲ್ಚಾವಣಿಯಿಂದ ಸುಣ್ಣ ನಮ್ಮ ತಲೆಯ ಮೇಲೆ ಉದುರಿತು. ಪಂಪಿನ ಸದ್ದು ನಿಂತುಹೋಯಿತು.

ಮೊದಲು ಎದ್ದವಳು ಮೊಣಕಾಲು ನೋವಿನ ಆಯಿ. ಅವಳ ಹಿಂದೆ ಇಬ್ಬರು ಹುಡುಗರು. ನಾನು ಏಳಲಿಲ್ಲ. ನನ್ನ ಹಲ್ಲಿನ ಸಂದಿಯಲ್ಲಿ ಪುಟಾಣಿಯ ಚೂರು ಇತ್ತು. ಇವತ್ತಿಗೂ ಆ ಗಳಿಗೆ ನೆನಪಾದಾಗಲೆಲ್ಲ ಅದು ಬಾಯಲ್ಲಿ ಸಿಗುತ್ತದೆ. ವೈದ್ಯಕೀಯ ಅಲ್ಲಿಗೇ ಬಿಟ್ಟು ಇಲ್ಲಿ ಬಿ.ಎಸ್ಸಿ. ಮುಗಿಸಿ, ಯಲಬುರ್ಗಾದ ಒಂದು ಸಾಲೆಯಲ್ಲಿ ನಾನೀಗ ಜೀವಶಾಸ್ತ್ರ ಕಲಿಸುತ್ತೇನೆ. ಪಾಠದ ನಡುವೆ ಯಾರಾದರೂ ಕಬ್ಬಿಣದ ಬಾಗಿಲು ಜೋರಾಗಿ ಹಾಕಿದರೆ ಸಾಕು, ಮಾತು ನಿಂತು ನಾಲಿಗೆ ಹಲ್ಲಿನ ಸಂದಿಗೆ ಹೋಗುತ್ತದೆ. ಮಕ್ಕಳು ಮೇಡಂ ಏನೋ ಯೋಚಿಸುತ್ತಿದ್ದಾರೆ ಎಂದುಕೊಳ್ಳುತ್ತಾರೆ.

ಅವರು ಅವಳನ್ನು ಹೊತ್ತು ತಂದರು. ಬಾಂಬು ಸಾಲೆಯ ಗೋಡೆಯ ಆಚೆ ಬಿದ್ದಿತ್ತಂತೆ, ಗೋಡೆ ಅವಳನ್ನು ಕಾಯ್ದಿತ್ತು. ಎಡಗಿವಿಯಿಂದ ರಕ್ತ ಇಳಿಯುತ್ತಿತ್ತು. ಕಣ್ಣು ತೆರೆದವಳು ತನ್ನ ಮಾತು ತನಗೇ ಕೇಳಿಸದ್ದಕ್ಕೆ ಜೋರಾಗಿ ಕೂಗಿದಳು.

"ನೀರ ಚೆಲ್ಲಿತೇನ?"

ಒಂದು ಕ್ಯಾನು ಪೂರ್ತಿ ಉಳಿದಿತ್ತು. ಆಯಿ ಅದರಿಂದಲೇ ಅವಳ ಮುಖ ತೊಳೆದಳು, ಅದರಿಂದಲೇ ಚಹಾ ಮಾಡಿದಳು. ಅದಾದ ಮೂರನೆಯ ದಿನ ನಮಗೆ ರೈಲು ಸಿಕ್ಕಿತು. ಆಯಿ ಬರಲಿಲ್ಲ. ಕೆಟಲಿ ಒಲೆಯ ಮೇಲಿದೆ ಎನ್ನುವಂತೆ ಕೈ ಮಾಡಿ ಒಳಗೆ ಹೋದಳು. ಅವಳ ಸುದ್ದಿ ಮತ್ತೆ ಸಿಗಲಿಲ್ಲ.

ರೈಲಿನಲ್ಲಿ ಗಡಿಯವರೆಗೂ ನಿಂತೇ ಬಂದೆವು. ಗೆಳತಿ ತನ್ನ ಬಲಗಿವಿಯನ್ನು ನನ್ನ ಬಾಯಿಯ ಕಡೆ ತಿರುಗಿಸಿ, "ಬಾಯಿ ತೆರಿಬೇಕಂತ ನೀ ಹೇಳಿದ್ದು ನೆನಪಿತ್ತು ಲೇ. ತೆರದ ಇತ್ತು. ಪಂಪ ಜಗ್ಗಿ ಜಗ್ಗಿ ನಿನಗ ಬೈಯಾಕತ್ತಿದ್ದೆ" ಎಂದು ನಕ್ಕಳು. ನಾನೂ ನಕ್ಕೆ. ಹೇಳಲು ಅದೇ ಸರಿಯಾದ ಹೊತ್ತಾಗಿತ್ತು. ಹೇಳಲಿಲ್ಲ.

ಅವಳ ಎಡಗಿವಿ ಮತ್ತೆ ಕೇಳಲಿಲ್ಲ. ಓದನ್ನೂ ಅವಳು ಮುಂದುವರಿಸಲಿಲ್ಲ. ಊರಿಗೆ ಬಂದ ವಾರದಲ್ಲಿ ಅವಳ ಅಪ್ಪ ನಮ್ಮ ಮನೆಗೆ ಬಂದರು. "ನೀ ಜೊತಿಗಿದ್ದಿದ್ದಕ್ಕ ನಮ್ಮ ಹುಡುಗಿ ಉಳದ್ಲು ತಂಗಿ. ಎಲ್ಲಾ ಹೇಳ್ಯಾಳ. ದಿನಾ ಎಣಿಸಿ ಎಣಿಸಿ ಎಲ್ಲಾರ್ನೂ ಕಾಯ್ದಿಯಂತ" ಎಂದು ಕೈ ಮುಗಿದರು. ಹೋಗುವಾಗ ಒಂದು ಚೀಲ ಸೋನಾ ಮಸೂರಿ ಇಳಿಸಿ ಹೋದರು. ಅಂದಿನಿಂದ ಪ್ರತಿ ಸುಗ್ಗಿಗೂ ಒಂದು ಚೀಲ ಬರುತ್ತದೆ. ರೊಟ್ಟಿಯ ಮನೆಯಲ್ಲಿ ಅವ್ವ ವಾರಕ್ಕೆರಡು ದಿನ ಅನ್ನ ಮಾಡುವುದು ಕಲಿತಳು. "ಎಂಥಾ ಛಲೋ ಅಕ್ಕಿ ನೋಡ, ಮಲ್ಲಿಗಿ ಹಂಗ ಅರಳೈತಿ" ಎಂದು ಬಡಿಸುತ್ತಾಳೆ. ಆ ದಿನ ನಾನು ತಟ್ಟೆಗೆ ರೊಟ್ಟಿಯನ್ನೇ ಹಾಕಿಸಿಕೊಳ್ಳುತ್ತೇನೆ.

ಗಂಗಾವತಿಗೆ ಹೋದಾಗಲೆಲ್ಲ ಹೇಳಬೇಕೆಂದೇ ಹೋಗುತ್ತಿದ್ದೆ. ಸಾಣಾಪುರದ ಕೆರೆಯ ಬಂಡೆಯ ಮೇಲೆ ಕುಳಿತಾಗ ಎರಡು ಸಲ ಹೇಳಿದ್ದೂ ಉಂಟು. ಆದರೆ ಅವಳ ಎಡಗಡೆ ಕುಳಿತು ಹೇಳಿದ್ದೆ.

ಈ ಸಲ ಐದನೆಯ ಚೀಲ ಬಂತು. ಅಪ್ಪ ಕ್ವಾರಿ ಬಿಟ್ಟಿದ್ದಾನೆ. ಕಟ್ಟೆಯ ಮೇಲೆ ಕುಳಿತಿದ್ದ. ಮಧ್ಯಾಹ್ನದ ಸೀಟಿ ಕೇಳಿತು, ಸದ್ದುಗಳು ಬಂದವು. ಅವನ ಬೆರಳು ತೊಡೆಯ ಮೇಲೆ ಒಂದೊಂದಾಗಿ ಮಡಚಿಕೊಂಡವು. ನೋಡುತ್ತ ನೋಡುತ್ತ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಕಾಳು ತಿಂದದ್ದನ್ನೂ.

ಅಪ್ಪ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದ. ಆಮೇಲೆ ಕೇಳಿದ. "ತೂತ ಯಾರ ಹಾಕಿದ್ರು?"

"ಅಲ್ಲಿ ಎಲ್ಲಿ ತೂತಪ್ಪಾ?"

"ಅದನ್ನ ಹೇಳಾಕತ್ತೀನಿ. ಇಲ್ಲಿ ತೂತ ನಾನ ಹಾಕಸ್ತಿದ್ದೆ, ಮದ್ದ ನಾನ ತುಂಬ್ತಿದ್ದೆ, ಅದಕ್ಕ ಎಣಸ್ತಿದ್ದೆ. ಮಂದಿ ತುಂಬಿದ ಮದ್ದ ನೀ ಹೆಂಗ ಎಣಸ್ತೀ ಯವ್ವಾ? ಮೊದಲಿನ ನಾಕ ದಿನದ್ದೂ ಲೆಕ್ಕ ಅಲ್ಲ ಅದು."

ನನ್ನ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿಯಿತು. ಅವನು ಅಷ್ಟಕ್ಕೆ ಬಿಡಲಿಲ್ಲ.

"ಆದ್ರ ಒಂದ ಉಳದಿದ್ದು ಕಂಡಿತ್ತಲ್ಲ ನಿನಗ. ಕಂಡ ಮ್ಯಾಲೆ ಸೀಟಿ ಊದಿದ್ದು ತಪ್ಪ. ಆ ಹುಡುಗಿಗೆ ಹೇಳ ಹೋಗು. ಅಕ್ಕಿ ಆಮ್ಯಾಲೆ ಉಣ್ಣೂಣಂತ."

ಮರುದಿನವೇ ಬಸ್ಸು ಹತ್ತಿದೆ. ಗಿರಣಿಯ ಹಿಂದಿನ ಅಂಗಳದಲ್ಲಿ ಹೊಸ ಭತ್ತ ಹರವಿದ್ದರು. ಗೆಳತಿಯೇ ಈಗ ಗಿರಣಿ ನೋಡಿಕೊಳ್ಳುತ್ತಾಳೆ. "ಇಲ್ಲಿ ಮಿಷನ್ ಸದ್ದಿಗೆ ಎಲ್ಲಾರೂ ಕಿವುಡ್ರ. ನನಗ ಕಿವುಡಿ ಅಂತ ಹೆಸರಿಡೋರು ಯಾರೂ ಇಲ್ಲ" ಎನ್ನುತ್ತಾಳೆ. ಗೋಡೆಯ ನೆರಳಿನಲ್ಲಿ ಕುಳಿತಿದ್ದಳು. ನಾನು ರೂಢಿಯಂತೆ ಎಡಗಡೆ ಕುಳಿತೆ. ಮತ್ತೆ ಎದ್ದು ಸುತ್ತು ಹಾಕಿ ಬಲಗಡೆ ಬಂದು ಕುಳಿತೆ.

"ಏನಲೇ ಇದು, ಪ್ರದಕ್ಷಿಣಿ?" ಎಂದಳು.

ಹೇಳಿದೆ. ನೆಪ ಸೇರಿಸದೆ ಹೇಳಿದೆ. ತೊಡೆಯ ಮೇಲೆ ಒಂದು ಕಾಳು ಉಳಿದಿತ್ತು, ನೀನು ಕೇಳಿದೆ, ನಾನು ಅದನ್ನು ತಿಂದು ಆರಾದವು ಎಂದೆ ಎಂದು ಹೇಳಿದೆ.

ಅವಳ ಮುಖದ ನಗು ಹಾಗೆಯೇ ಇದ್ದು ಆಮೇಲೆ ಹೋಯಿತು.

"ತಿಂದಿ?"

"ಹ್ಞೂಂ."

"ನಾ ಚೇಷ್ಟಿಗೆ ಅಂದಿದ್ದೆ ಅದನ್ನ."

ಎದ್ದಳು. ನನ್ನ ಕಡೆ ನೋಡದೆ ಭತ್ತಕ್ಕೆ ಇಳಿದಳು. ಬರಿಗಾಲನ್ನು ಎಳೆಯುತ್ತ ಭತ್ತ ತಿರುವತೊಡಗಿದಳು. ಅವಳ ಕಾಲ ಹಿಂದೆ ಸಾಲು ಮೂಡುತ್ತಿತ್ತು. ಒಂದು ಸಾಲು ಹೋಗಿ ಬಂದಳು. ಎರಡನೆಯದು. ಮೂರನೆಯದು. ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಹೋಗಬೇಕೋ ಇರಬೇಕೋ ತಿಳಿಯದೆ ಗೋಡೆಯ ಹತ್ತಿರ ನಿಂತಿದ್ದೆ. ಅವಳ ಅಪ್ಪ ಗಿರಣಿಯ ಬಾಗಿಲಿಗೆ ಬಂದು, "ತಂಗಿ, ಯಾವಾಗ ಬಂದಿ? ಉಂಡು ಹೋಗಬೇಕು ಮತ್ತ" ಎಂದು ಕೂಗಿ ಒಳಗೆ ಹೋದರು.

ನಾಲ್ಕನೆಯ ಸಾಲಿನ ಕೊನೆಯಲ್ಲಿ ಅವಳು ನಿಂತಳು. ಅಂಗಳದ ಆ ತುದಿಯಿಂದ ಕೂಗಿದಳು. ಧ್ವನಿಯಲ್ಲಿ ಸಿಟ್ಟು ಹಾಗೆಯೇ ಇತ್ತು.

"ಅಪ್ಪಗ ನಾ ಹೇಳೂದಿಲ್ಲ. ನೀನ ಹೇಳಬೇಕು."

"ಹೇಳ್ತೀನಿ."

"ಉಂಡ ಮ್ಯಾಲೆ ಹೇಳು. ಉಣ್ಣೂಕಿಂತ ಮೊದ್ಲ ಹೇಳಿದ್ರ ಆತ ಉಣ್ಣೂದಿಲ್ಲ." ಸ್ವಲ್ಪ ತಡೆದು ಮತ್ತೆ ಕೂಗಿದಳು. "ಚಪ್ಪಲಿ ಹಿಡಕೊಂಡು ಏನ್ ನಿಂತೀ? ಆ ಕಡಿ ಸಾಲ ಹಸಿ ಅದಾವು. ತಿರುವು."

ಚಪ್ಪಲಿ ಕೆಳಗಿಟ್ಟು ಭತ್ತಕ್ಕೆ ಇಳಿದೆ. ಮೇಲಿನ ಭತ್ತ ಬಿಸಿಲಿಗೆ ಕಾದಿತ್ತು, ಕೆಳಗಿನದು ತಣ್ಣಗಿತ್ತು. ಅವಳು ಆ ತುದಿಯಿಂದ, ನಾನು ಈ ತುದಿಯಿಂದ ಕಾಲು ಎಳೆಯುತ್ತ ನಡೆದೆವು. ನಡುವೆ ಎದುರಾದೆವು. ದಾಟುವಾಗ ಅವಳು ತನ್ನ ಬಲಗಡೆಗೆ, ಕೇಳುವ ಕಿವಿಯ ಕಡೆಗೆ, ನನಗೆ ದಾರಿ ಬಿಟ್ಟಳು.