ನನ್ನ ನಾಲ್ಕು ಜಮಾತಿನ ಉರ್ದು

ಮೊನ್ನೆ ಕರೆಂಟು ಹೋದಾಗ ಲೈನ್‌ಮನ್ ಕಂಬದ ಮೇಲಿಂದಲೇ "ವೈರ್ ಕಟ್ ಆಗ್ಯದ್ರಿ, ಅಜ್ಜಾ" ಎಂದ. ಅಷ್ಟಕ್ಕೇ ನನ್ನ ಎದೆ ಧಸಕ್ಕೆಂದಿತು. ನಗಬೇಡಿ. ಈ ಒಂದು ಪದಕ್ಕೆ ಹೆದರುತ್ತಲೇ ನಾನು ಮುದುಕನಾದೆ.

ನಿಜಾಮರ ಕೊನೆಗಾಲದಲ್ಲಿ ನಮ್ಮ ಕಡೆ ಕಚೇರಿ, ಶಾಲೆ, ದವಾಖಾನೆ ಎಲ್ಲ ಉರ್ದುವಿನಲ್ಲೇ ನಡೆಯುತ್ತಿದ್ದವು. ನಾನು ಯಾದಗಿರಿಯಲ್ಲಿ ನಾಲ್ಕು ಜಮಾತು, ಅಂದರೆ ನಾಲ್ಕನೇ ತರಗತಿಯವರೆಗೆ, ಓದಿದ್ದೆ. ಸರಿಯಾಗಿ ಹೇಳಬೇಕೆಂದರೆ, ಮೂರು ಸಲ ಉರುಳಿ ನಾಲ್ಕನೆಯದನ್ನು ಮುಟ್ಟಿದ್ದೆ. ಓದಿಸಿದವನು ಹತ್ತಿಕುಣಿ ಕಡೆಯ ಹೊಲದಲ್ಲಿ ದುಡಿಯುತ್ತಿದ್ದ ನನ್ನ ಅಣ್ಣ. ಅವನಿಗೆ, ಅವ್ವನಿಗೆ ಉರ್ದುವಿನ ಗಂಧವಿರಲಿಲ್ಲ. ಹಾಗಾಗಿ ಮನೆಗೆ ಬಂದ ಕಾಗದವನ್ನೆಲ್ಲ ನಾನೇ ಮೀಸೆ ತಿರುವುತ್ತ ಓದಿ ಹೇಳುತ್ತಿದ್ದೆ. ತಿಳಿಯದ ಕಡೆ ನನ್ನದೇ ಸೇರಿಸುತ್ತಿದ್ದೆ.

ಒಂದು ಬೆಳಗ್ಗೆ ಜೋಳ ಕೊಯ್ಯುವಾಗ ಕುಡುಗೋಲು ಜಾರಿ ಅಣ್ಣನ ಎಡ ಮೊಣಕೈಯ ಒಳಮಗ್ಗುಲಿಗೆ ಇಳಿಯಿತು. ರಕ್ತ ಚಿಲ್ಲನೆ ಹಾರಿತು. ಅವನ ತಲೆಯ ಪಟಗ ಹರಿದು ತೋಳಿಗೆ ಬಿಗಿದು, ಬಂಡಿ ಹೂಡಿ ಯಾದಗಿರಿಯ ದವಾಖಾನೆಗೆ ತಂದೆವು. ಡಾಕ್ಟರರು ಹೊಸ ಪಟ್ಟಿ ಬಿಗಿದು, ನನ್ನ ಕಡೆ ನೋಡಿ, "ರಗ್ ಕಟ್ ಗಯೀ. ಗುಲ್ಬರ್ಗಾ ಲೇ ಜಾವ್" ಎಂದು ಮುಂದಿನ ರೋಗಿಯತ್ತ ತಿರುಗಿದರು. ರಗ್ ಎಂದರೆ ರಕ್ತದ ನರ ಎಂದು ನನಗೆ ಗೊತ್ತಿತ್ತು. ಕಟ್ ಎಂದರೆ? ಕಟ್ಟುವುದು ಎಂದುಕೊಂಡೆ. ಕೇಳಿದರೆ ನನ್ನ ಮಾನ ಹೋಗುತ್ತಿತ್ತಲ್ಲ!

"ನರ ಕಟ್ಟ್ಯದಂತ, ಅವ್ವಾ. ಇನ್ನ ಅಂಜಿಕಿಲ್ಲ. ಗುಲ್ಬರ್ಗಕ್ಕ ಒಯ್ರಿ ಅಂದಾರ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಟ್ಟಿದ ನರ ರೈಲಿನ ಕುಲುಕಾಟಕ್ಕೆ ಬಿಚ್ಚಿಕೊಂಡೀತೆಂದು ಅವಳಿಗೆ ಭಯ. ಮಧ್ಯಾಹ್ನದ ಗಾಡಿ ಬಿಟ್ಟು, ಯಾದಗಿರಿಯಲ್ಲೇ ಇದ್ದ ನೆಂಟರ ಮನೆಯಲ್ಲಿ ಉಳಿದೆವು. ಅಣ್ಣ ಬೆರಳು ತಣ್ಣಗಾಗಿವೆ ಎಂದ. ಬಿಗಿದು ಕಟ್ಟಿದ ಮೇಲೆ ಹಾಗೇ ಆಗುತ್ತದೆಂದು ನಾನೇ ವಿವರಿಸಿದೆ. ಅವ್ವ ಬಟ್ಟೆ ಕಾಸಿ ಕಾಸಿ ಇಟ್ಟಳು.

ಮರುದಿನ ಗುಲ್ಬರ್ಗದ ಡಾಕ್ಟರರು ಪಟ್ಟಿ ಬಿಚ್ಚಿದಾಗ ಕೈ ಕಪ್ಪಿಟ್ಟಿತ್ತು. ಅವರು ಕನ್ನಡದವರು. ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು ಹೇಳಿದರು:

"ನಿನ್ನೆನ ಬಂದಿದ್ರ ಕಡದ ನರ ಕೂಡಿಸಿ ಹೊಲದು ನೋಡತಿದ್ದೆ. ಈಗ ಈ ಕೈಯಾಗ ಜೀವ ಇಲ್ಲ."

ಕಡಿದ ನರ. ಆಗ ತಿಳಿಯಿತು ನನಗೆ. ಬಾಯಿ ಬಿಡಲಿಲ್ಲ. ಭುಜದ ಕೆಳಗೆ ಕತ್ತರಿಸಿದರು.

ಒಂದೇ ಕೈಯಲ್ಲಿ ನೇಗಿಲು ನಡೆಯುತ್ತದೆಯೇ? ಅಣ್ಣ ಕಚೇರಿಯಲ್ಲಿ ಚಪರಾಸಿಯಾದ. ದಿನಾ ಬೆಳಗ್ಗೆ ಅವನ ತಲೆಗೆ ಪಟಗ ಸುತ್ತುವುದು ನನ್ನ ಕೆಲಸವಾಯಿತು. ಅವ್ವ ಮಾತ್ರ ಬಂದವರಿಗೆಲ್ಲ, ಸಣ್ಣವನ ಉರ್ದುವಿನಿಂದ ದೊಡ್ಡವನ ಜೀವ ಉಳಿಯಿತೆಂದು ಹೇಳುತ್ತಿದ್ದಳು. ನಾನು ತಲೆ ತಗ್ಗಿಸಿದರೆ, ಎಷ್ಟು ವಿನಯ ಎನ್ನುತ್ತಿದ್ದರು.

ಕಚೇರಿಯಲ್ಲಿ ಹಗಲೆಲ್ಲ ಉರ್ದು ಕಿವಿಗೆ ಬೀಳುತ್ತದೆಂಬುದು ನನಗೆ ಹೊಳೆದೇ ಇರಲಿಲ್ಲ. ವರ್ಷ ಕಳೆದಿರಬೇಕು. ಪಟಗ ಸುತ್ತುತ್ತಿದ್ದಾಗ ಅಣ್ಣ ಮೆಲ್ಲಗೆ ಹೇಳಿದ:

"ಕಟ್ ಅಂದ್ರ ಕಟ್ಟೂದಲ್ಲೋ ತಮ್ಮಾ, ಕಡಿಯೂದು. ಅವ್ವಗ ಹೇಳಬ್ಯಾಡ. ನಿನ್ನ ಮ್ಯಾಲ ಭಾಳ ನಂಬಿಕಿ ಇಟ್ಟಾಳ."

ಆಮೇಲೆ ಆ ಮಾತು ಅವನು ಎತ್ತಲೇ ಇಲ್ಲ. ಎತ್ತಿ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವ್ವ ಹೋದಳು. ಹೋದ ವರ್ಷ ಅಣ್ಣನೂ ಹೋದ. ಅಷ್ಟು ವರ್ಷ ಅವನೆದುರೇ ನಿಂತಿದ್ದೆ. ತಪ್ಪಾಯಿತು ಎನ್ನಲು ನನಗೆ ಕನ್ನಡವೂ ಬರಲಿಲ್ಲ.